ಗೇರಿಲ್ಲದ ಕಾರಿನ ಗೇರ್ ತೊಂದರೆ

ಟೊಯೋಟಾ ಪ್ರಿಯಸ್‌ನ ಎರಡನೇ ತಲೆಮಾರು 2003ರಲ್ಲಿ ಬಂದಾಗ ಅದರ ಡ್ಯಾಶ್‌ಬೋರ್ಡಿನಲ್ಲಿ ಪುಟ್ಟದೊಂದು ಗೇರ್ ಹಿಡಿಕೆ ಇತ್ತು. ಒಂದು ಕಡೆಗೆ ಸರಿಸಿ ಕೆಳಗೆಳೆದರೆ ಡಿ, ಮೇಲೊತ್ತಿದರೆ ಆರ್. ಕೈ ಬಿಟ್ಟ ಕೂಡಲೇ ಅದು ಮೊದಲಿನ ಜಾಗಕ್ಕೇ ವಾಪಸ್ಸು. ಪಾರ್ಕಿಂಗಿಗೆ ಬೇರೆಯೇ ಒಂದು ಗುಂಡಿ. ಆ ಹಿಡಿಕೆಯಿಂದ ಕೆಳಗಿನ ಗೇರ್‌ಬಾಕ್ಸಿಗೆ ಸರಳೂ ಇಲ್ಲ, ಕೇಬಲ್ಲೂ ಇಲ್ಲ. ಹೋಗುವುದು ಬರೀ ವೈರು, ವೈರಿನಲ್ಲಿ ಕೆಲವೇ ವೋಲ್ಟಿನ ಸಂಕೇತ. ಅಷ್ಟೇಕೆ, ಆ ಕಾರಿನಲ್ಲಿ ಬದಲಾಯಿಸಲು ಗೇರುಗಳೇ ಇಲ್ಲ. ಎಂಜಿನ್ನನ್ನೂ ಎರಡು ಮೋಟಾರುಗಳನ್ನೂ ಕೂಡಿಸುವ ಪ್ಲಾನೆಟರಿ ಗೇರ್ ಸೆಟ್ಟು ಸದಾ ಕಚ್ಚಿಕೊಂಡೇ ಇರುತ್ತದೆ. ರಿವರ್ಸ್ ಎಂದರೆ ಮೋಟಾರು ಹಿಂದುಮುಂದಾಗಿ ತಿರುಗುವುದು, ಅಷ್ಟೇ. ನಿಜಕ್ಕೂ ಜಾಗ ಬಿಟ್ಟು ಅಲುಗುವುದು ಪಾರ್ಕಿಂಗ್ ಲಾಕಿನ ಹಲ್ಲು ಮಾತ್ರ, ಅದನ್ನು ಆಡಿಸುವುದೂ ಒಂದು ಸಣ್ಣ ಮೋಟಾರೇ. ಇಂಥ ಕಾರು ಒಂದು ಬೆಳಿಗ್ಗೆ ಪಾರ್ಕಿಂಗಿನಿಂದ ಹೊರಗೆ ಬರಲೊಲ್ಲದು, ಗೇರ್ ಬೀಳುತ್ತಿಲ್ಲ ಎಂದಾಗ ಅದನ್ನು ಮನೆಯಂಗಳದಲ್ಲೇ ಸರಿಪಡಿಸಿಕೊಳ್ಳುವ ರೂಢಿ ಹಳೆಯ ಪ್ರಿಯಸ್‌ಗಳು ಹೆಚ್ಚಿರುವ ಅಮೆರಿಕದಲ್ಲಿ ಚೆನ್ನಾಗಿ ಬೇರೂರಿದೆ. ಇದನ್ನು ದುಸ್ಸಾಹಸ ಎಂದು ಬೈಯುವವರಿದ್ದಾರೆ, ಸ್ವಾವಲಂಬನೆ ಎಂದು ಹೊಗಳುವವರಿದ್ದಾರೆ. ನನಗೆ ಎರಡೂ ತೀರ್ಪು ಒಪ್ಪಿಗೆಯಿಲ್ಲ. ಈ ರಿಪೇರಿಯ ಯೋಗ್ಯತೆಯನ್ನು ಅಳೆಯಬೇಕಾದದ್ದು ಮಾಡಿದವರ ಧೈರ್ಯದಿಂದಲ್ಲ, ಅವರು ಯಾವುದನ್ನು ಮೊದಲು ನೋಡಿದರು, ಯಾವುದನ್ನು ಆಮೇಲೆ ನೋಡಿದರು ಎಂಬ ಕ್ರಮದಿಂದ.

ಕ್ರಮಕ್ಕೆ ಇಷ್ಟು ತೂಕ ಏಕೆ ಎಂಬುದು ಕಾರಿನೊಳಗಿನ ಎರಡು ವಿದ್ಯುತ್ತುಗಳನ್ನು ಬಿಡಿಸಿ ನೋಡಿದರೆ ತಿಳಿಯುತ್ತದೆ. ಹಿಂದಿನ ಸೀಟಿನ ಬೆನ್ನಿಗೆ 28 ಮಾಡ್ಯೂಲುಗಳ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ, ಒಟ್ಟು 201.6 ವೋಲ್ಟ್. ಗಾಡಿಯನ್ನು ಓಡಿಸುವುದು ಅದು. ಡಿಕ್ಕಿಯ ಬಲಮೂಲೆಯಲ್ಲಿ, ಒಂದು ಮುಚ್ಚಳದಡಿ, ಸಾಮಾನ್ಯ ಕಾರಿನದಕ್ಕಿಂತ ಚಿಕ್ಕದಾದ 12 ವೋಲ್ಟಿನ ಬ್ಯಾಟರಿ ಇದೆ. ಕಂಪ್ಯೂಟರುಗಳನ್ನು ಎಬ್ಬಿಸುವುದು, ಪಾರ್ಕಿಂಗ್ ಲಾಕನ್ನು ಬಿಡಿಸುವುದು, ದೊಡ್ಡ ಬ್ಯಾಟರಿಯನ್ನು ಗಾಡಿಗೆ ಜೋಡಿಸುವ ರಿಲೇಗಳನ್ನು ಎಳೆಯುವುದು ಎಲ್ಲ ಈ ಚಿಕ್ಕದರ ಪಾಲು. ದೊಡ್ಡದು ತುಂಬಿ ತುಳುಕುತ್ತಿದ್ದರೂ ಚಿಕ್ಕದು ಸೋತರೆ ಕಾರು ಕದಲುವುದಿಲ್ಲ. ಮಾಮೂಲಿ ಕಾರಿನಲ್ಲಿ ಬ್ಯಾಟರಿ ಇಳಿದರೆ ಅದು ತಾನೇ ಹೇಳಿಕೊಳ್ಳುತ್ತದೆ: ಸೆಲ್ಫ್ ಹೊಡೆದಾಗ ಎಂಜಿನ್ ನರಳುತ್ತದೆ, ನಾಲ್ಕು ದಿನ ಮೊದಲೇ ಕಿವಿಗೆ ಗೊತ್ತಾಗುತ್ತದೆ. ಪ್ರಿಯಸ್‌ನಲ್ಲಿ 12 ವೋಲ್ಟಿನಿಂದ ತಿರುಗುವ ಸೆಲ್ಫ್ ಮೋಟಾರೇ ಇಲ್ಲ. ಎಂಜಿನ್ನನ್ನು ತಿರುಗಿಸುವುದು ದೊಡ್ಡ ಬ್ಯಾಟರಿಯಿಂದ ನಡೆಯುವ ಮೋಟಾರು. ಹಾಗಾಗಿ ಆ ನರಳಾಟ ಕೇಳಿಸುವುದಿಲ್ಲ. ಅದರ ಬದಲು ಬ್ರೇಕಿನ ದೀಪ, ಎಬಿಎಸ್ ದೀಪ, ಕೆಂಪು ತ್ರಿಕೋನ, ಮಿಣುಕುವ ಪಿ ಗುಂಡಿ ಒಟ್ಟೊಟ್ಟಿಗೆ ಕಾಣಿಸಿಕೊಳ್ಳುತ್ತವೆ. ವೋಲ್ಟೇಜ್ ಸಾಲದೆ ಪ್ರತಿ ಕಂಪ್ಯೂಟರೂ ತನಗೆ ತೋಚಿದ ದೂರು ಬರೆದಿಡುತ್ತದೆ. ರೋಗ ಒಂದೇ, ಹೆಸರು ಮಾತ್ರ ಏಳೆಂಟು. ಗೇರ್ ತೊಂದರೆ ಎಂದು ಬರುವ ದೂರು ಎಷ್ಟೋ ಸಲ ಗೇರಿನದ್ದೇ ಅಲ್ಲ ಎಂಬುದು ಈ ರಚನೆಯಿಂದಲೇ ಹೊರಡುವ ಮಾತು.

ಮನೆಯಲ್ಲಿ ಮಾಡುವವರಲ್ಲಿ ಒಳ್ಳೆಯವರ ಕೆಲಸ ನೋಡಿದರೆ ಅಲ್ಲಿ ಮೂರು ಸರಳ ಪ್ರಶ್ನೆಗಳು ಮೊದಲು ಬರುತ್ತವೆ. ಬ್ರೇಕ್ ತುಳಿದು ಪವರ್ ಗುಂಡಿ ಒತ್ತಿದಾಗ ರೆಡಿ ಎಂಬ ದೀಪ ಹತ್ತಿತೇ? ಹತ್ತದಿದ್ದರೆ ಹಿಡಿಕೆಯನ್ನು ಎಷ್ಟು ಆಡಿಸಿದರೂ ವ್ಯರ್ಥ. ಗಾಡಿ ಇನ್ನೂ ಎದ್ದಿಲ್ಲ, ಗೇರಿನ ಮಾತು ಆಮೇಲಿನದು. ಎರಡನೆಯದು, ಬ್ರೇಕ್ ತುಳಿದಾಗ ಹಿಂದಿನ ಕೆಂಪು ದೀಪ ಹತ್ತುತ್ತದೆಯೇ? ಪೆಡಲಿನ ಮೇಲಿರುವ ಸಣ್ಣ ಸ್ವಿಚ್ಚು ಸವೆದಿದ್ದರೆ ಅಥವಾ ಅದರ ಫ್ಯೂಸ್ ಹೋಗಿದ್ದರೆ ಕಾಲು ಬ್ರೇಕಿನ ಮೇಲಿರುವುದು ಕಂಪ್ಯೂಟರಿಗೆ ಗೊತ್ತೇ ಆಗುವುದಿಲ್ಲ, ಅದು ಪಾರ್ಕಿಂಗ್ ಬಿಡಿಸಲು ಒಪ್ಪುವುದೂ ಇಲ್ಲ. ಒಬ್ಬರು ಪೆಡಲ್ ತುಳಿದು ಇನ್ನೊಬ್ಬರು ಹಿಂದೆ ನಿಂತು ನೋಡಿದರೆ ಕಾಸು ಖರ್ಚಿಲ್ಲದೆ ಮುಗಿಯುವ ಪರೀಕ್ಷೆ. ಮೂರನೆಯದು ವೋಲ್ಟು. ರಾತ್ರಿಯಿಡೀ ನಿಂತ ಕಾರಿನಲ್ಲಿ ಮಲ್ಟಿಮೀಟರ್ ಇಟ್ಟರೆ 12.6ರ ಆಸುಪಾಸು ಇರಬೇಕು. 12ಕ್ಕಿಂತ ಕೆಳಗಿದ್ದರೆ ಬ್ಯಾಟರಿ ಬರಿದಾಗಿದೆ. ಆದರೆ ಸುಮ್ಮನೆ ನಿಂತಾಗಿನ ಅಂಕೆ ಮೋಸ ಮಾಡುತ್ತದೆ, ಮುದಿ ಬ್ಯಾಟರಿಯೂ ಕೆಲಸವಿಲ್ಲದಾಗ ಚೆನ್ನಾಗಿಯೇ ತೋರುತ್ತದೆ. ಬಲ್ಲವರು ಅಲ್ಲಿಗೇ ನಿಲ್ಲಿಸುವುದಿಲ್ಲ. ಈ ಕಾರಿನಲ್ಲಿ ಚಾಲಕನ ಬಾಗಿಲು ತೆರೆದರೆ ಬ್ರೇಕಿಗೆ ಒತ್ತಡ ತುಂಬುವ ಪಂಪು ಗುಯ್ಯೆಂದು ಕೆಲವು ಕ್ಷಣ ಓಡುತ್ತದೆ. ಅದೇ ಹೊತ್ತಿಗೆ ಮೀಟರಿನ ಮೇಲೆ ಕಣ್ಣಿಟ್ಟರೆ ಅಂಕೆ ಸ್ವಲ್ಪ ತಗ್ಗಿ ಮತ್ತೆ ಏರುವುದೋ, ಕಲ್ಲಿನಂತೆ ಕುಸಿಯುವುದೋ ಎಂಬುದು ಎದುರಿಗೇ ಕಾಣುತ್ತದೆ. ರೆಡಿ ಹತ್ತಿದ ಮೇಲೆ ಅಂಕೆ ಹದಿನಾಲ್ಕರ ಹತ್ತಿರಕ್ಕೆ ಏರಬೇಕು; ಏರದಿದ್ದರೆ ದೊಡ್ಡ ಬ್ಯಾಟರಿಯಿಂದ ಚಿಕ್ಕದಕ್ಕೆ ಚಾರ್ಜು ಕೊಡುವ ಡಿಸಿ-ಡಿಸಿ ಕನ್ವರ್ಟರನ್ನು ಅನುಮಾನಿಸಬೇಕು. ಇದರಲ್ಲಿ ಎಲ್ಲೂ ಜಾಣತನದ ಪ್ರದರ್ಶನವಿಲ್ಲ. ಇರುವುದು ತಾಳ್ಮೆ, ಒಂದು ಅಂಕೆ ಕೈಗೆ ಸಿಗುವವರೆಗೆ ಪಾನಾ ಹಿಡಿಯದಿರುವ ಸಂಯಮ. ನಾನು ಈ ರೂಢಿಯನ್ನು ಮೆಚ್ಚುವುದು ಇದಕ್ಕೇ.

ಕೆಡುವುದೂ ಇಲ್ಲಿಯೇ. ಇದೇ ರೂಢಿಯೊಳಗೆ ಇನ್ನೊಂದು ಅಭ್ಯಾಸ ಬೆಳೆದಿದೆ: ಅಗ್ಗದ ಸ್ಕ್ಯಾನರ್ ಚುಚ್ಚುವುದು, ಬಂದ ಕೋಡನ್ನೇ ತೀರ್ಪೆಂದು ಓದುವುದು, ಆ ಹೆಸರಿನ ಬಿಡಿಭಾಗ ತರಿಸಿ ಹಾಕುವುದು, ಸರಿಹೋಗದಿದ್ದರೆ ಮತ್ತೊಂದು ತರಿಸುವುದು. ಪಿ0ಎ80 ಎಂಬ ಕೋಡಿನ ವಿವರಣೆಯಲ್ಲೇ ಹೈಬ್ರಿಡ್ ಬ್ಯಾಟರಿ ಬದಲಿಸಿ ಎಂದಿರುತ್ತದೆ. ಅದನ್ನು ಓದಿದವರಿಗೆ ಮುಂದೆ ಯೋಚಿಸುವ ಅಗತ್ಯವೇ ಕಾಣದಿರುವುದು ಸಹಜ. ಆದರೆ ಕೋಡು ಹೇಳುವುದು ಒಂದು ಕಂಪ್ಯೂಟರಿಗೆ ಏನು ಕಾಣಿಸಿತು ಎಂಬುದನ್ನು ಮಾತ್ರ, ಹಾಗೆ ಏಕಾಯಿತು ಎಂಬುದನ್ನಲ್ಲ. ವೋಲ್ಟು ಕುಸಿದ ಬೆಳಿಗ್ಗೆ ಬರೆದಿಟ್ಟ ಕೋಡುಗಳನ್ನು ಒಂದೊಂದಾಗಿ ನಂಬಿದರೆ ಹಿಡಿಕೆ, ಲಾಕಿನ ಮೋಟಾರು, ಕಂಪ್ಯೂಟರು ಎಲ್ಲವನ್ನೂ ಬದಲಿಸಿಯೂ ಕಾರು ನಿಂತಲ್ಲೇ ನಿಂತಿರುತ್ತದೆ. ಟೊಯೋಟಾ ತನ್ನ ಹೈಬ್ರಿಡ್ ಕೋಡುಗಳ ಜೊತೆಗೆ ಮೂರಂಕಿಯ ಉಪಕೋಡನ್ನೂ ಇಟ್ಟಿದೆ. ಅದೇ ಕೋಡು ಯಾವ ಕಾರಣಕ್ಕೆ ಬಂತು ಎಂದು ಬಿಡಿಸಿ ಹೇಳುವುದು ಅದು. ಸಾಮಾನ್ಯ ಸ್ಕ್ಯಾನರಿನಲ್ಲಿ ಅದು ಕಾಣುವುದಿಲ್ಲ, ಕಂಪನಿಯ ಟೆಕ್‌ಸ್ಟ್ರೀಮ್‌ನಂಥ ತಂತ್ರಾಂಶ ಬೇಕು. ಅರ್ಧ ವಾಕ್ಯ ಓದಿ ಪೂರ್ತಿ ಅರ್ಥ ಹಚ್ಚುವ ತಪ್ಪಿಗೆ ಮನೆಯವರೂ ಒಳಗಾಗುತ್ತಾರೆ, ಆ ಉಪಕರಣ ಇಲ್ಲದ ಗ್ಯಾರೇಜಿನವರೂ ಒಳಗಾಗುತ್ತಾರೆ. ಅಂಗಳವೋ ವರ್ಕ್‌ಶಾಪೋ ಎಂಬುದಲ್ಲ ಮುಖ್ಯ. ಅಳೆದು ನಂಬಿದರೋ ನಂಬಿ ಬದಲಿಸಿದರೋ ಎಂಬುದು ಮುಖ್ಯ.

ಅಪಾಯದ ಆಕ್ಷೇಪ ಎಲ್ಲಕ್ಕಿಂತ ಗಟ್ಟಿ, ಅದನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ಇನ್ನೂರು ವೋಲ್ಟಿನ ನೇರ ವಿದ್ಯುತ್ತು, ಇನ್ವರ್ಟರಿನೊಳಗೆ 500 ವೋಲ್ಟಿನವರೆಗೆ ಏರುವುದು, ಮನುಷ್ಯನನ್ನು ಕೊಲ್ಲಬಲ್ಲದು. ಆದರೆ ತಯಾರಕರು ಅದಕ್ಕೊಂದು ಗಡಿ ಎಳೆದಿದ್ದಾರೆ, ಕಿತ್ತಳೆ ಬಣ್ಣದ ಕೇಬಲ್ಲು. ಅದು ಎಲ್ಲಿ ಶುರುವಾಗುತ್ತದೋ ಅಲ್ಲಿಗೆ ಮನೆಯ ಕೆಲಸ ಮುಗಿಯಬೇಕು. ಆಚೆಗೆ ಹೋಗುವವರು ಹಿಂಬದಿಯ ಸರ್ವಿಸ್ ಪ್ಲಗ್ ಕಿತ್ತು ಕಿಸೆಯಲ್ಲಿಟ್ಟುಕೊಂಡು, ಸಾವಿರ ವೋಲ್ಟ್ ತಡೆಯುವ ರಬ್ಬರ್ ಗ್ಲೌಸ್ ತೊಟ್ಟು, ಒಳಗಿನ ಕೆಪಾಸಿಟರುಗಳು ಬರಿದಾಗುವವರೆಗೆ ಕಾದು, ಆಮೇಲೂ ಅಳೆದು ನೋಡಿ ಮುಟ್ಟುತ್ತಾರೆ. ಅದಕ್ಕೆ ತರಬೇತಿ ಬೇಕು. ಮೇಲೆ ಹೇಳಿದ ಮೂರು ಪ್ರಶ್ನೆಗಳಲ್ಲಿ ಒಂದೂ ಈ ಗಡಿ ದಾಟುವುದಿಲ್ಲ. ಹಾಗೆಂದು 12 ವೋಲ್ಟಿನ ಕಡೆ ನಿಶ್ಚಿಂತೆ ಎಂದಲ್ಲ. ಜಂಪ್ ಕೇಬಲ್ ಕೊಡುವಾಗ ಕೆಂಪು-ಕಪ್ಪು ಅದಲುಬದಲಾದರೆ ಮುಖ್ಯ ಫ್ಯೂಸ್ ಹೋಗುವುದಷ್ಟೇ ಅಲ್ಲ, ಡಿಸಿ-ಡಿಸಿ ಕನ್ವರ್ಟರು ಸುಡಬಹುದು. ಅದು ಇನ್ವರ್ಟರಿನ ಪೆಟ್ಟಿಗೆಯೊಳಗೇ ಇರುವುದರಿಂದ ನೂರರಲ್ಲಿ ಮುಗಿಯಬೇಕಿದ್ದದ್ದು ಲಕ್ಷದ ಲೆಕ್ಕಕ್ಕೆ ಹೋಗುತ್ತದೆ. ಡಿಕ್ಕಿಯ ಬ್ಯಾಟರಿ ಪ್ರಯಾಣಿಕರು ಕೂರುವ ಗಾಳಿಯಲ್ಲೇ ಇರುವುದರಿಂದ ಅದು ಆಸಿಡ್ ಚೆಲ್ಲದ ಎಜಿಎಂ ಮಾದರಿಯದ್ದು, ಅನಿಲ ಹೊರಹೋಗಲು ಸಣ್ಣ ಪೈಪು ಬೇರೆ ಇದೆ. ಹೇಗೋ ಕೂರುತ್ತದೆಂದು ಬೇರೆ ಕಾರಿನ ದ್ರವ ಆಸಿಡ್ಡಿನ ಬ್ಯಾಟರಿ ತುರುಕುವುದು, ಆ ಪೈಪನ್ನು ಜೋಡಿಸದೆ ಬಿಡುವುದು ನಿಜವಾದ ಬೇಜವಾಬ್ದಾರಿ. ಪಾರ್ಕಿಂಗ್ ಲಾಕಂತೂ ಪ್ರಾಣದ ವಿಷಯ. ಹಿಡಿಕೆ ತನ್ನ ಜಾಗಕ್ಕೆ ಮರಳಿಬಿಡುವುದರಿಂದ ಗಾಡಿ ಯಾವ ಸ್ಥಿತಿಯಲ್ಲಿದೆ ಎಂದು ಕೈಗೆ ತಿಳಿಯುವುದಿಲ್ಲ. ಹೈಬ್ರಿಡ್ ಅಲ್ಲದಿದ್ದರೂ ಇದೇ ಬಗೆಯ ಹಿಡಿಕೆಯಿದ್ದ ಸುಮಾರು 11 ಲಕ್ಷ ವಾಹನಗಳನ್ನು, ಚಾಲಕರು ಇಳಿದ ಮೇಲೆ ಉರುಳುತ್ತಿದ್ದವೆಂದು, ಫಿಯಟ್ ಕ್ರೈಸ್ಲರ್ 2016ರಲ್ಲಿ ವಾಪಸು ಕರೆಯಬೇಕಾಯಿತು. ಆದ್ದರಿಂದ ಚಕ್ರಕ್ಕೆ ಕಲ್ಲು ಕೊಡದೆ, ಕೈಬ್ರೇಕೋ ಕಾಲ್‌ಬ್ರೇಕೋ ಹಾಕದೆ ಈ ಕೆಲಸಕ್ಕೆ ಕೈ ಹಚ್ಚುವವರ ಪರವಾಗಿ ನಾನು ವಾದಿಸಲಾರೆ. ಲಾಕಿನ ಮೋಟಾರೇ ಕೆಟ್ಟಿದೆ ಎಂದು ಅಳತೆ ಹೇಳಿದರೆ ಅದು ಗ್ಯಾರೇಜಿನ ಕೆಲಸ.

ಇಷ್ಟೆಲ್ಲ ಎಚ್ಚರಿಕೆಯ ನಡುವೆ ಮನೆಯಲ್ಲಿ ಮಾಡುವುದಾದರೂ ಏಕೆ ಎಂದು ಕೇಳುವವರಿಗೆ ಮೊದಲ ಉತ್ತರ ಕಾರಿನ ರಚನೆಯಲ್ಲೇ ಇದೆ. 12 ವೋಲ್ಟು ಸತ್ತಾಗ ಪಾರ್ಕಿಂಗ್ ಲಾಕ್ ಬಿಡುವುದಿಲ್ಲ, ತಳ್ಳಿಕೊಂಡು ಹೋಗುವಂತಿಲ್ಲ. ಡಿಕ್ಕಿಯ ಬಾಗಿಲೂ ವಿದ್ಯುತ್ತಿನದೇ, ಬ್ಯಾಟರಿ ಇರುವ ಜಾಗವೇ ತೆರೆಯುವುದಿಲ್ಲ. ಬಾನೆಟ್ಟಿನಡಿಯ ಫ್ಯೂಸ್ ಪೆಟ್ಟಿಗೆಯಲ್ಲಿ ಕೆಂಪು ಮುಚ್ಚಳದ ಟರ್ಮಿನಲ್ ಇದೆ, ಅಲ್ಲಿಂದ ಕರೆಂಟು ಕೊಡಬಹುದು ಎಂಬುದೊಂದು ಗೊತ್ತಿದ್ದರೆ ಲಾರಿ ಕರೆಸುವ ಕೆಲಸ ತಪ್ಪುತ್ತದೆ. ಇನ್ನೊಂದು ಉತ್ತರ ಇದಕ್ಕಿಂತ ಗಟ್ಟಿಯಾದದ್ದು. ಈ ತಲೆಮಾರಿನ ಪ್ರಿಯಸ್‌ಗಳಿಗೆ ವಯಸ್ಸಾದಾಗ ಬರುವ ಒಂದು ಹೆಸರಾಂತ ಕಾಯಿಲೆ ಎಂದರೆ ವೇಗ ತೋರಿಸುವ ಮೀಟರು ಇದ್ದಕ್ಕಿದ್ದಂತೆ ಕಪ್ಪಾಗುವುದು. ವೇಗವೂ ಕಾಣದು, ಗೇರಿನ ಸ್ಥಿತಿಯೂ ಕಾಣದು. ಮೀಟರನ್ನೇ ಬದಲಿಸುವುದು ದುಬಾರಿ ಹಾದಿ. ಮನೆಯಲ್ಲಿ ಬೆಸುಗೆ ಹಾಕುವವರು ಅದರ ಸರ್ಕ್ಯೂಟ್ ಬೋರ್ಡನ್ನು ಹೊರತೆಗೆದು, ಶಕ್ತಿಗುಂದಿದ ಒಂದು ಕೆಪಾಸಿಟರ್ ಬದಲಿಸಿ ಇಡೀ ಮೀಟರಿಗೆ ಜೀವ ಕೊಟ್ಟರು. ಜೋಡಣೆಯನ್ನೇ ಎತ್ತಿ ಬದಲಿಸುವ ವ್ಯವಸ್ಥೆಗೆ ಅಷ್ಟು ಒಳಗೆ ನೋಡುವ ಪುರುಸೊತ್ತಿಲ್ಲ; ಗಂಟೆಗೆ ಇಷ್ಟೆಂದು ಕೂಲಿ ಕಟ್ಟುವ ಕಡೆ ಒಂದು ಬಿಡಿಭಾಗದ ಹಿಂದೆ ಅರ್ಧ ದಿನ ಕೂರುವುದು ಗಿಟ್ಟುವುದಿಲ್ಲ. ಅಂಗಳದಲ್ಲಿ ಆ ಅರ್ಧ ದಿನಕ್ಕೆ ಬಾಡಿಗೆಯಿಲ್ಲ. ಹಳೆಯ ಕಾರು ಗುಜರಿಗೆ ಹೋಗುವುದೋ ಇನ್ನೈದು ವರ್ಷ ಓಡುವುದೋ ಎಂಬುದು ಇಂಥ ಕೆಲಸದ ಮೇಲೆ ನಿಂತಿರುತ್ತದೆ. ಹೊಗೆ ಕಡಿಮೆ ಮಾಡಲೆಂದೇ ಕಟ್ಟಿದ ಗಾಡಿಯನ್ನು ಕಡಲೆಯಷ್ಟು ಭಾಗಕ್ಕಾಗಿ ಎಸೆಯುವುದು ಯಾರಿಗೂ ಲಾಭವಲ್ಲ.

ವಾರಂಟಿ ಹೋಗುತ್ತದೆ ಎಂಬ ಆಕ್ಷೇಪಕ್ಕೆ ಉತ್ತರ ಚಿಕ್ಕದು. ವಾರಂಟಿ ಇರುವವರೆಗೆ ಬ್ರೇಕ್ ದೀಪ ನೋಡಿ, ವೋಲ್ಟು ಅಳೆದು, ಅಂಕೆ ಬರೆದುಕೊಂಡು ಕಂಪನಿಯ ಬಾಗಿಲಿಗೇ ಹೋಗಬೇಕು. ಅಳೆದರೆ ವಾರಂಟಿ ಕೆಡುವುದಿಲ್ಲ. ಇದು ಬಲ್ಲವರ ಕೆಲಸ, ಮಾಹಿತಿ ಎಲ್ಲರ ಕೈಗೆ ಸಿಕ್ಕರೆ ಅನಾಹುತವಾಗುತ್ತದೆ ಎಂಬ ವಾದವನ್ನು ಮಾತ್ರ ನಿಂತು ಎದುರಿಸಬೇಕು. ಭಾರತದ ಸ್ಪರ್ಧಾ ಆಯೋಗದ ಮುಂದೆ ಕಾರು ಕಂಪನಿಗಳು ಸುಮಾರು ಇದೇ ಮಾತನ್ನು ಹೇಳಿದ್ದವು. ಬಿಡಿಭಾಗ, ದೋಷ ಪತ್ತೆಯ ಉಪಕರಣಗಳನ್ನು ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಂಪನಿಗಳಿಗೆ 2,500 ಕೋಟಿ ರೂಪಾಯಿಗೂ ಹೆಚ್ಚು ದಂಡ ವಿಧಿಸಿತು. ಕಂಪನಿಗಳು ಮೇಲ್ಮನವಿಗೆ ಹೋದವು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜನ 2012ರಲ್ಲೂ 2020ರಲ್ಲೂ ರಿಪೇರಿಯ ಮಾಹಿತಿ ತೆರೆದಿಡಬೇಕೆಂದು ಮತ ಹಾಕಿದರು. ನನ್ನ ವಾದಕ್ಕೆ ಇವು ಏಕೆ ಬೇಕೆಂದರೆ, ತಪ್ಪು ರಿಪೇರಿ ಹುಟ್ಟುವುದು ಮಾಹಿತಿ ಹೆಚ್ಚಾಗಿ ಅಲ್ಲ, ಅರ್ಧವಾಗಿ. ಮುಖ್ಯ ಕೋಡು ಎಲ್ಲರಿಗೂ ಕಾಣಿಸಿ ಉಪಕೋಡನ್ನು ಕಂಪನಿಯ ತಂತ್ರಾಂಶದೊಳಗೆ ಇಟ್ಟಾಗ ಜನ ಸುಮ್ಮನೆ ಕೂರುವುದಿಲ್ಲ. ಕದ್ದ ತಂತ್ರಾಂಶ, ನಕಲಿ ಕೇಬಲ್ಲು ಹುಡುಕುತ್ತಾರೆ, ಸಿಗದಿದ್ದರೆ ಊಹಿಸುತ್ತಾರೆ. ಕಿತ್ತಳೆ ಕೇಬಲ್ಲಿನ ಗಡಿಯನ್ನು ಇಡೀ ಲೋಕಕ್ಕೆ ತೋರಿಸಿದ್ದು ಎಷ್ಟು ಜೀವ ಉಳಿಸುವ ಕೆಲಸವೋ, ದೋಷದ ಪೂರ್ತಿ ಹೆಸರನ್ನು ತೋರಿಸುವುದೂ ಅಷ್ಟೇ.

ಈ ಮಾತು ಈಗ ಕರ್ನಾಟಕಕ್ಕೆ ದೂರದ್ದಲ್ಲ. ಟೊಯೋಟಾದ ಕ್ಯಾಮ್ರಿ ಹೈಬ್ರಿಡ್ 2013ರಿಂದ ಬಿಡದಿಯ ಕಾರ್ಖಾನೆಯಲ್ಲಿ ಜೋಡಣೆಯಾಯಿತು. 2022ರಿಂದ ಹೈರೈಡರ್, ಆಮೇಲೆ ಇನ್ನೋವಾ ಹೈಕ್ರಾಸ್ ಅಲ್ಲಿಂದಲೇ ಹೊರಬರುತ್ತಿವೆ. ಈ ಎರಡು ಇನ್ನೂ ಹೊಸವು, ಬಹುಪಾಲು ವಾರಂಟಿಯೊಳಗಿನವು. ಹತ್ತು ವರ್ಷ ಕಳೆದು ಎರಡನೆಯ, ಮೂರನೆಯ ಮಾಲೀಕರ ಕೈಗೆ ಬಂದು, ಶಿರಸಿಯಲ್ಲೋ ಸಿಂಧನೂರಿನಲ್ಲೋ ಮಳೆಗಾಲದ ಒಂದು ಬೆಳಿಗ್ಗೆ ಪಾರ್ಕಿಂಗಿನಲ್ಲೇ ನಿಂತುಬಿಟ್ಟಾಗ ಊರಿನ ಆಟೋ ಎಲೆಕ್ಟ್ರಿಷಿಯನ್ ಕೈಗೆ ಏನು ಸಿಗುತ್ತದೆ ಎಂಬುದನ್ನು ಈಗಲೇ ಕೇಳಬೇಕು. ಹಳೆಯ ಪ್ರಿಯಸ್ ತನ್ನ 12 ವೋಲ್ಟಿನ ಸ್ಥಿತಿಯನ್ನು ತಾನೇ ಅಳೆದುಕೊಳ್ಳುತ್ತಿತ್ತು. ಆದರೆ ಅದನ್ನು ನೋಡಬೇಕಿದ್ದರೆ ಪರದೆಯ ಪಕ್ಕದ ಇನ್ಫೋ ಗುಂಡಿಯನ್ನು ಒತ್ತಿ ಹಿಡಿದು, ದೀಪದ ಸ್ವಿಚ್ಚನ್ನು ಮೂರು ಸಲ ಹಾಕಿ ತೆಗೆದು, ಬಚ್ಚಿಟ್ಟ ಪುಟವೊಂದನ್ನು ತೆರೆಯಬೇಕಿತ್ತು. ಮಾಲೀಕರಿಗೆ ಎಲ್ಲಕ್ಕಿಂತ ಹೆಚ್ಚು ಬೇಕಿದ್ದ ಅಂಕೆ ಕಾರಿನೊಳಗೇ ಇತ್ತು, ತೋರಿಸಲಿಲ್ಲ. ಬಿಡದಿಯಿಂದ ಬರುವ ಗಾಡಿಗಳ ಅಗಲವಾದ ಪರದೆಯಲ್ಲಿ ಆ ಒಂದು ಅಂಕೆಗೆ ಮೊದಲ ಪುಟದಲ್ಲೇ ಜಾಗ ಕೊಡಬೇಕು, 12ಕ್ಕೆ ಇಳಿದ ದಿನ ಅದು ಕೆಂಪಗೆ ಹತ್ತಬೇಕು.