ಮಂಚದ ಕೆಳಗಿನ ಚಳಿ

ಅರಿಜೋನಾ ಅಂದರೆ ಮರುಭೂಮಿ, ಮರುಭೂಮಿ ಅಂದರೆ ಸೆಕೆ. ಈ ಲೆಕ್ಕಾಚಾರದ ಮೇಲೆ ಡಿಸೆಂಬರ್ ರಜೆಗೆ, ಗಾಡಿಯ ಹಿಂದೆ ಎಳೆದೊಯ್ಯುವ ಮನೆಯಂಥ ಟ್ರೇಲರ್ ಬಾಡಿಗೆ ಹಿಡಿದು ಗ್ರ್ಯಾಂಡ್ ಕ್ಯಾನಿಯನ್‌ಗೆ ಹೊರಡುವ ಕನ್ನಡಿಗರು ಅಮೆರಿಕದಲ್ಲಿ ಇದ್ದೇ ಇರುತ್ತಾರೆ. ಕಣಿವೆಯ ದಕ್ಷಿಣದ ಅಂಚು ಇರುವುದು ಸುಮಾರು 7,000 ಅಡಿ ಎತ್ತರದಲ್ಲಿ, ಅಂದರೆ ನಮ್ಮ ಮುಳ್ಳಯ್ಯನಗಿರಿಗಿಂತ ಮೇಲೆ. ಚಳಿಗಾಲದ ರಾತ್ರಿ ಅಲ್ಲಿ ಸೊನ್ನೆಗಿಂತ ಏಳೆಂಟು ಡಿಗ್ರಿ ಕೆಳಗಿಳಿಯುವುದು ಮಾಮೂಲು. ಅಲ್ಲಿಂದ ಬರುವ ದೂರೂ ಒಂದೇ: ಸೋಫಾದ ಹತ್ತಿರ ಬನಿಯನ್ನಿನಲ್ಲಿ ಕೂರಬಹುದು, ಮಲಗುವ ಕೋಣೆಯಲ್ಲಿ ಮಾತ್ರ ಹಲ್ಲು ಕಟಕಟ.

ಮರುದಿನವೇ ಅಂಗಡಿಗೆ ಓಡಿ ಇನ್ನೊಂದು ಹೀಟರ್ ತರುತ್ತಾರೆ. ನಾನು ಹೇಳುವುದು, ಮೊದಲು ಮಂಚ ಎತ್ತಿ ನೋಡಿ.

ಅಮೆರಿಕದ ಟ್ರಾವೆಲ್ ಟ್ರೇಲರ್‌ಗಳಲ್ಲಿ ಬಹುಪಾಲು ತಯಾರಾಗುವುದು ಇಂಡಿಯಾನಾದ ಎಲ್ಕ್‌ಹಾರ್ಟ್ ಸುತ್ತಮುತ್ತ. ಅವುಗಳ ಸಾಮಾನ್ಯ ವಿನ್ಯಾಸದಲ್ಲಿ ದೊಡ್ಡವರ ಹಾಸಿಗೆ ಮುಂದಿನ ಮೂತಿಯಲ್ಲಿ. ಮೂರು ಕಡೆ ಹೊರಗೋಡೆ, ಗೋಡೆಯ ದಪ್ಪ ಎರಡಂಗುಲದ ಆಸುಪಾಸು. ಮಂಚದ ಅಡಿಯಲ್ಲಿ ಕುರ್ಚಿ, ನೀರಿನ ಪೈಪು, ಬಾರ್ಬೆಕ್ಯೂ ಒಲೆ ತುಂಬಲು ಈ ಬದಿಯಿಂದ ಆ ಬದಿಗೆ ಹಾದುಹೋಗುವ ಡಿಕ್ಕಿ, ಅದಕ್ಕೆ ಎರಡೂ ಕಡೆ ತೆಳ್ಳನೆಯ ಬಾಗಿಲು. ಎಷ್ಟೋ ಮಾದರಿಗಳಲ್ಲಿ ಆ ಡಿಕ್ಕಿಯ ಗಾಳಿಗೂ ನಿಮ್ಮ ಬೆನ್ನಿಗೂ ನಡುವೆ ಇರುವುದು ಒಂದು ಪ್ಲೈವುಡ್ ಹಲಗೆ ಮತ್ತು ಹಾಸಿಗೆ, ಅಷ್ಟೇ. ಕೋಣೆ ಎಂದು ಹೆಸರು, ಮಲಗಿದ್ದು ಮಾತ್ರ ಜಗಲಿಯ ಮೇಲೆ ಮಲಗಿದ ಹಾಗೆ.

ಆದ್ದರಿಂದ ಮೊದಲ ಖರ್ಚು ಅಲ್ಲಿಗೇ ಆಗಲಿ. ಕಟ್ಟಡಕ್ಕೆ ಬಳಸುವ ಗಟ್ಟಿ ಫೋಮ್ ಹಾಳೆಯನ್ನು ಅಳತೆಗೆ ಕತ್ತರಿಸಿ ಪ್ಲೈವುಡ್ಡಿನ ಕೆಳಮೈಗೆ, ಅಂದರೆ ಡಿಕ್ಕಿಯ ಕಡೆಯಿಂದ ಅಂಟಿಸಬೇಕು. ಮೇಲಿನಿಂದ ಹಾಸುವವರೂ ಇದ್ದಾರೆ. ಬೆನ್ನಿಗೇನೋ ಬೆಚ್ಚಗಾಗುತ್ತದೆ, ಆದರೆ ಹಲಗೆ ಇನ್ನಷ್ಟು ತಣ್ಣಗಾಗುತ್ತದೆ. ಮೈಯಿಂದ ಹೊರಟ ಆವಿ ಹಾಸಿಗೆ ದಾಟಿ, ಫೋಮಿನ ಸಂದಿಗಳಲ್ಲಿ ಇಳಿದು ಆ ತಣ್ಣನೆಯ ಹಲಗೆ ಮುಟ್ಟಿದರೆ ನೀರಾಗಿ ನಿಲ್ಲುತ್ತದೆ. ನಾಲ್ಕಾರು ರಾತ್ರಿ ಕಳೆದರೆ ಕಪ್ಪು ಬೂಷ್ಟು. ಹಲಗೆಗೂ ಹಾಸಿಗೆಗೂ ನಡುವೆ ಅರ್ಧ ಅಂಗುಲದಷ್ಟಾದರೂ ಗಾಳಿಯಾಡುವ ಜಾಲರಿ ಅಥವಾ ಮರದ ಪಟ್ಟಿಗಳು ಇರಲೇಬೇಕು. ಡಿಕ್ಕಿಯ ಬಾಗಿಲಿನ ರಬ್ಬರು ಸವೆದಿದ್ದರೆ ಬದಲಿಸಿ. ವೈರು ನುಸುಳುವ ತೂತುಗಳನ್ನು ಮುಚ್ಚಿ. ಛಾವಣಿಯಲ್ಲಿ 14 ಅಂಗುಲದ ಚೌಕ ಕಿಂಡಿಯೊಂದಿರುತ್ತದೆ. ಅದಕ್ಕೆ ಕೂರಿಸುವ ಫೋಮ್ ದಿಂಬು ಸಿಗುತ್ತದೆ, ದುಬಾರಿಯೇನಲ್ಲ.

ಟ್ರೇಲರ್ ಬೆಚ್ಚಗಿಡುವ ವಿಷಯದಲ್ಲಿ ಸ್ವೀಡನ್ನಿನವರು ರಸಿಕರು. ಅಲ್ಲಿನ ಆಲ್ಡೆ ಕಂಪನಿಯ ವ್ಯವಸ್ಥೆಯಲ್ಲಿ ಬಿಸಿ ದ್ರವ ಗೋಡೆಗುಂಟ ಕೊಳವೆಗಳಲ್ಲಿ ಸುತ್ತುತ್ತದೆ. ಮಂಚವನ್ನೂ ಕಪಾಟನ್ನೂ ಗೋಡೆಗೆ ಒತ್ತಿ ಕೂರಿಸದೆ ಬೆರಳಗಲ ಸಂದು ಬಿಡುತ್ತಾರೆ. ಬಿಸಿಗಾಳಿ ಹಾಸಿಗೆಯ ಹಿಂದಿನಿಂದ ಸದ್ದಿಲ್ಲದೆ ಏಳುತ್ತದೆ. ಅಮೆರಿಕದ ಟ್ರೇಲರ್‌ಗಳಲ್ಲಿರುವ ಗ್ಯಾಸ್ ಫರ್ನೇಸ್ ಮಾತ್ರ ನಡುರಾತ್ರಿ ಗುರ್ರೆಂದು ಎದ್ದು, ಹತ್ತು ನಿಮಿಷ ಬೊಬ್ಬೆ ಹೊಡೆದು ಮಲಗುವ ಜಾತಿ. ಅದರ ಬಿಸಿಗಾಳಿ ಮಲಗುವ ಕೋಣೆಗೆ ಬರುವುದು ನೆಲದಡಿಯ ಕೊಳವೆಯಲ್ಲಿ. ಬಾಗುವ ಕೊಳವೆಯಾದರೆ ಎಲ್ಲೋ ಮಡಚಿಕೊಂಡು ಅರ್ಧ ಉಸಿರು ಕಟ್ಟಿರುವುದೂ ಉಂಟು. ನೇರ ಮಾಡಿ, ಸಂದಿಗೆ ಅಲ್ಯೂಮಿನಿಯಂ ಟೇಪು ಸುತ್ತಿ. ರಾತ್ರಿ ಕೋಣೆಯ ಬಾಗಿಲು ಮುಚ್ಚಬೇಡಿ. ಒಳಗೆ ಬಂದ ಗಾಳಿ ಫರ್ನೇಸಿಗೆ ವಾಪಸು ಹೋಗಲು ದಾರಿಯಿಲ್ಲದಿದ್ದರೆ ಹೊಸ ಬಿಸಿಗಾಳಿ ಒಳಗೆ ನುಗ್ಗುವುದಾದರೂ ಹೇಗೆ?

ಕ್ಯಾನಿಯನ್ನಿನಲ್ಲಿ ಟ್ರೇಲರ್ ನಿಲ್ಲಿಸುವ ‘ಟ್ರೇಲರ್ ವಿಲೇಜ್’ ಎಂಬ ತಾಣದಲ್ಲಿ ಕರೆಂಟಿನ ಸೌಕರ್ಯವಿದೆ. ಅಲ್ಲಿ 1,500 ವಾಟಿನ ಸ್ಪೇಸ್ ಹೀಟರ್ ಹಾಕಬಹುದು. ಒಂದೇ ಹೀಟರ್ ಹನ್ನೆರಡೂವರೆ ಆಂಪಿಯರ್ ಎಳೆಯುತ್ತದೆ, ಜೊತೆಗೆ ಮೈಕ್ರೋವೇವ್ ಹಚ್ಚುವಾಗ ಫ್ಯೂಸಿನ ನೆನಪಿರಲಿ. ಎಣ್ಣೆ ತುಂಬಿದ ರೇಡಿಯೇಟರ್ ಮಾದರಿ ಸದ್ದು ಮಾಡುವುದಿಲ್ಲ, ನನ್ನ ಮತ ಅದಕ್ಕೇ. ಅದನ್ನು ಮಲಗುವ ಕೋಣೆಯಲ್ಲೇ ಇಡಬೇಕು, ಥರ್ಮೋಸ್ಟಾಟ್ ಇರುವ ಹಜಾರದಲ್ಲಿ ಅಲ್ಲ. ಹಜಾರ ಬೆಚ್ಚಗಾದರೆ ಫರ್ನೇಸ್ ಏಳುವುದೇ ಇಲ್ಲ. ಎಷ್ಟೋ ಟ್ರೇಲರ್‌ಗಳಲ್ಲಿ ನೀರಿನ ಪೈಪುಗಳು ಇರುವ ತಳಕ್ಕೆ ಬಿಸಿ ತಲುಪುವುದು ಫರ್ನೇಸಿನಿಂದಲೇ. ಅದು ನಿದ್ದೆ ಹೋದರೆ ಬೆಳಗಾಗುವಷ್ಟರಲ್ಲಿ ಪೈಪು ಹೆಪ್ಪುಗಟ್ಟಿರುತ್ತದೆ.

ಪಕ್ಕದ ಮೇಥರ್ ಕ್ಯಾಂಪ್‌ಗ್ರೌಂಡ್‌ನಲ್ಲಿ ಕರೆಂಟಿಲ್ಲ, ರಾತ್ರಿ ಜನರೇಟರ್ ಹಚ್ಚುವಂತೆಯೂ ಇಲ್ಲ. ಅಲ್ಲಿ ಗ್ಯಾಸಿಗಿಂತ ಮೊದಲು ಕೈಕೊಡುವುದು ಬ್ಯಾಟರಿ. ಫರ್ನೇಸಿನ ಫ್ಯಾನಿಗೆ ಏಳೆಂಟು ಆಂಪಿಯರ್ ಬೇಕು. ಹತ್ತು ಗಂಟೆಯ ರಾತ್ರಿಯಲ್ಲಿ ಅರ್ಧ ಹೊತ್ತು ಓಡಿದರೂ 40 ಆಂಪಿಯರ್-ಅವರ್ ಖಾಲಿ. ನೂರರ ಲೆಡ್ ಬ್ಯಾಟರಿಯಿಂದ ಧೈರ್ಯವಾಗಿ ತೆಗೆಯಬಹುದಾದದ್ದು ಐವತ್ತು, ಚಳಿಯಲ್ಲಿ ಅದಕ್ಕೂ ಕಡಿಮೆ. ಗ್ಯಾಸಿನ ಚಿಂತೆ ಅಷ್ಟಿಲ್ಲ. ಅಲ್ಲಿನ ಸಿಲಿಂಡರಿನಲ್ಲಿರುವ ಪ್ರೊಪೇನ್ ಮೈನಸ್ 42 ಡಿಗ್ರಿಯವರೆಗೂ ಆವಿಯಾಗುತ್ತದೆ. ನಮ್ಮೂರಿನ ಅಡುಗೆ ಅನಿಲದಲ್ಲಿ ಬೆರೆತಿರುವ ಬ್ಯುಟೇನ್ ಸೊನ್ನೆಯ ಹತ್ತಿರವೇ ಹಟ ಹಿಡಿಯುತ್ತದೆ.

ಇಡೀ ಕೋಣೆ ಯಾಕೆ ಕಾಯಿಸಬೇಕು ಎಂಬ ಪ್ರಶ್ನೆ ಇಲ್ಲಿ ಬರುತ್ತದೆ. ಹಾಸಿಗೆ ಬಿಸಿಯಾದರೆ ಸಾಕಲ್ಲ! ಹಾಸಿಗೆಯ ಮೇಲೆ ಹಾಸುವ ವಿದ್ಯುತ್ ಪ್ಯಾಡ್ ಹೀಟರಿನ ಹತ್ತನೇ ಒಂದು ಪಾಲು ಕರೆಂಟಿನಲ್ಲಿ ಕೆಲಸ ಮುಗಿಸುತ್ತದೆ. ಮಲಗುವ ಅರ್ಧ ಗಂಟೆ ಮುಂಚೆ ಹಾಕಿ, ಮಲಗಿದ ಮೇಲೆ ಆರಿಸಿಬಿಡಿ. ಕರೆಂಟೇ ಇಲ್ಲದ ಕಡೆ ರಬ್ಬರಿನ ಬಿಸಿನೀರಿನ ಚೀಲವನ್ನು ಕಾಲ ಬುಡದಲ್ಲಿಟ್ಟು, ಕಿವಿ ಮುಚ್ಚುವ ಟೋಪಿ ಹಾಕಿಕೊಂಡು, ಊರಿಂದ ತಂದ ಕೌದಿ ಹೊದ್ದರೆ ಥರ್ಮೋಸ್ಟಾಟನ್ನು 13 ಡಿಗ್ರಿಗೆ ಇಳಿಸಬಹುದು. ನನಗಂತೂ ಅದಕ್ಕಿಂತ ಹೆಚ್ಚಿದ್ದರೆ ನಿದ್ದೆಯೇ ಹತ್ತುವುದಿಲ್ಲ.

ಅಡುಗೆಯ ಒಲೆ ಹಚ್ಚಿಟ್ಟು ಮಲಗುವ ಉಪಾಯವನ್ನು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಒಂದು ಕಿಲೋ ಪ್ರೊಪೇನ್ ಉರಿದರೆ ಒಂದೂವರೆ ಕಿಲೋಗೂ ಮೀರಿ ನೀರಾವಿ ಕೋಣೆಯಲ್ಲೇ ಉಳಿಯುತ್ತದೆ. ಅದು ಸಣ್ಣ ತಾಪತ್ರಯ. ದೊಡ್ಡದು ಕಾರ್ಬನ್ ಮೊನಾಕ್ಸೈಡ್, ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಅದನ್ನು ಪತ್ತೆಹಚ್ಚುವ ಅಲಾರಂ ಟ್ರೇಲರ್‌ನಲ್ಲಿ ಇರುತ್ತದೆ, ಆದರೆ ಅದಕ್ಕೂ ಆಯುಸ್ಸು ಉಂಟು. ಮುಗಿಯುವ ತಾರೀಖನ್ನು ಸಾಮಾನ್ಯವಾಗಿ ಹಿಂಬದಿಯಲ್ಲಿ ಅಚ್ಚು ಹಾಕಿರುತ್ತಾರೆ. ಬಾಡಿಗೆ ಗಾಡಿಯ ಕೀಲಿ ತೆಗೆದುಕೊಳ್ಳುವಾಗ ಅದನ್ನು ಬಿಚ್ಚಿ ಓದಿ. ತಾರೀಖು ದಾಟಿದ್ದರೆ ಹೊಸದು ಹಾಕಿಸಿಕೊಂಡ ಮೇಲೆಯೇ ಹೊರಡಿ.