ಅಂದದ ತೊಟ್ಟಿ, ಅಡ್ಡಾದಿಡ್ಡಿ ವೈರಿಂಗ್

ಪಡಸಾಲೆಯಲ್ಲಿ ಮೀನಿನ ತೊಟ್ಟಿ ಇಡುವವರು ಗಾಜು, ಮರಳು, ಗಿಡ ಎಲ್ಲವನ್ನೂ ಆರಿಸಿ ತರುತ್ತಾರೆ. ವೈರಿಂಗ್ ವಿಷಯಕ್ಕೆ ಬಂದಾಗ ಮಾತ್ರ ಆ ಮುತುವರ್ಜಿ ಮಾಯ. ಫಿಲ್ಟರ್, ಏರ್ ಪಂಪ್, ಲೈಟು, ಹೀಟರ್ ನಾಲ್ಕನ್ನೂ ಒಂದು ಅಗ್ಗದ ಎಕ್ಸ್‌ಟೆನ್ಶನ್ ಬೋರ್ಡಿಗೆ ಸಿಕ್ಕಿಸಿ, ಅದನ್ನು ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಮಲಗಿಸುತ್ತಾರೆ. ನೀರು ಸೋರಿದರೆ ನೆಟ್ಟಗೆ ಬೀಳುವುದು ಅಲ್ಲಿಗೇ. ಬೈಲಹೊಂಗಲವಾಗಲಿ ಬೆಂಗಳೂರಾಗಲಿ, ಇದು ಬಿಡಲೇಬೇಕಾದ ರೂಢಿ.

ಇಷ್ಟು ಸಣ್ಣ ಲೋಡಿಗೆ ಏನಾದೀತು ಎಂಬ ಸಮಾಧಾನ ಬೇರೆ. ಲೋಡು ಸಣ್ಣದು, ನಿಜ: 230 ವೋಲ್ಟಿನಲ್ಲಿ 100 ವ್ಯಾಟಿನ ಹೀಟರ್ ಅರ್ಧ ಆಂಪಿಯರನ್ನೂ ಎಳೆಯದು. ಆದರೆ 6 ಆಂಪಿಯರಿನ ಎಂಸಿಬಿ ವೈರು ಸುಡದಂತೆ ಕಾಯುತ್ತದೆಯೇ ಹೊರತು ಮನುಷ್ಯನನ್ನಲ್ಲ. ಹೀಟರಿನ ಗಾಜು ಸೀಳಿ ನೀರಿಗೆ ಕರೆಂಟ್ ಇಳಿದಾಗ, ಕೈ ಅದ್ದಿದವರ ಮೈಯಲ್ಲಿ ಆ 6 ಆಂಪಿಯರಿನ ನೂರನೇ ಒಂದು ಪಾಲು ಹರಿದರೂ ಜೀವಕ್ಕೆ ಕುತ್ತು. ಎಂಸಿಬಿಗೆ ಅದು ಗೊತ್ತೇ ಆಗುವುದಿಲ್ಲ. ಅಂಥ ಸೋರಿಕೆಯನ್ನು ಹಿಡಿದು ಲೈನ್ ಕಡಿಯುವುದು 30 ಮಿಲಿಆಂಪಿಯರಿನ ಆರ್‌ಸಿಸಿಬಿ. ತೊಟ್ಟಿಗೆ ಸುರಿಯುವ ಹಣದಲ್ಲಿ ಮೊದಲ ಪಾಲು ಇದಕ್ಕೆ ಹೋಗಬೇಕು.

ಅರ್ಥಿಂಗ್ ಈ ಸೀಮೆಯಲ್ಲಿ ಇನ್ನೊಂದು ತಲೆನೋವು. ಬೈಲಹೊಂಗಲ, ಸವದತ್ತಿ ಕಡೆಯ ಎರೆ ನೆಲ ಮಳೆಗಾಲದಲ್ಲಿ ನೀರು ಹಿಡಿದು, ಬೇಸಿಗೆಯಲ್ಲಿ ಬಾಯಿಬಿಡುತ್ತದೆ. ಇದ್ದಿಲು, ಉಪ್ಪು ತುಂಬಿದ ಅರ್ಥಿಂಗ್ ಗುಂಡಿಯೂ ಒಣಗಿದರೆ ಸೋರಿದ ಕರೆಂಟ್ ಭೂಮಿಗೆ ಸರಾಗವಾಗಿ ಇಳಿಯದು. ಬೇಸಿಗೆಯಲ್ಲಿ ಆ ಗುಂಡಿಗೆ ನೀರು ಹಾಕುವ ಹಳೆಯ ಪದ್ಧತಿ ನಿಜಕ್ಕೂ ಜಾಣತನದ್ದು. ಎರಡು ಪಿನ್ನಿನ ಪಂಪಿಗಂತೂ ಅರ್ಥಿಂಗ್ ತಂತಿಯೇ ಇರುವುದಿಲ್ಲ. ಅಲ್ಲಿ ಆರ್‌ಸಿಸಿಬಿಯೇ ಗತಿ.

ಕರೆಂಟ್ ಹೋದಾಗ ಇನ್ನೊಂದು ಪೇಚು. ಏರ್ ಪಂಪ್ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ, ಅದು ನಿಂತ ಮೇಲೆ ತೊಟ್ಟಿಯ ನೀರು ಪೈಪಿನಲ್ಲಿ ಹಿಂದಕ್ಕೆ ಹರಿದು ಪಂಪಿನೊಳಗೇ ಇಳಿಯಬಹುದು. ಪಂಪನ್ನು ಎತ್ತರದಲ್ಲಿಡಬೇಕು, ಇಲ್ಲವೇ ಪೈಪಿಗೆ ನಾನ್ ರಿಟರ್ನ್ ವಾಲ್ವ್ ಹಾಕಬೇಕು. ಬೋರ್ಡು ಗೋಡೆಯ ಮೇಲೆ, ತೊಟ್ಟಿಯಿಂದ ಪಕ್ಕಕ್ಕಿರಲಿ. ಪ್ರತಿ ವೈರೂ ಸಾಕೆಟ್ಟಿಗಿಂತ ಕೆಳಗೆ ಜೋತು ಬಿದ್ದು ಆಮೇಲೆ ಮೇಲೇರಲಿ. ವೈರುಗುಂಟ ಇಳಿದ ಹನಿ ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ.

ಸ್ವಿಚ್ ಆರಿಸಿದೆ ಎಂದು ನಂಬಿ ನೀರಿಗೆ ಕೈ ಹಾಕುವುದೂ ಸರಿಯಲ್ಲ. ಸ್ವಿಚ್ಚನ್ನು ಫೇಸ್ ಬಿಟ್ಟು ನ್ಯೂಟ್ರಲ್‌ಗೆ ಕೂಡಿಸಿದ್ದರೆ ಪಂಪು ನಿಂತಿರುತ್ತದೆ, ಕರೆಂಟ್ ಮಾತ್ರ ಅದರೊಳಗೇ ಇರುತ್ತದೆ. ಲೈಸೆನ್ಸ್ ಇರುವ ವೈರ್‌ಮನ್‌ನಿಂದ ಅದನ್ನು ನೋಡಿಸುವವರೆಗೂ, ನೋಡಿಸಿದ ಮೇಲೂ, ತೊಟ್ಟಿ ತೊಳೆಯುವ ಮುಂಚೆ ಪ್ಲಗ್ಗುಗಳನ್ನೇ ಕೀಳಬೇಕು.