ಅಪ್ಪನ ಹೆಸರು ಹಿಡಿದು ಹೊರಟರೆ

ವೇಣೂರಿಗೆ ಹೋದವರ ಕಣ್ಣು ತಾನಾಗಿ 35 ಅಡಿ ಮೇಲಕ್ಕೆ ಹೋಗುತ್ತದೆ. ವಂಶಾವಳಿಯ ಹುಚ್ಚು ಹಿಡಿದವರು ಮಾತ್ರ ಬಾಹುಬಲಿಯ ಇಕ್ಕೆಲದ ಶಾಸನದ ಮುಂದೆ ನಿಂತುಬಿಡುತ್ತಾರೆ. 1604ರಲ್ಲಿ ಆ ಮೂರ್ತಿಯನ್ನು ನಿಲ್ಲಿಸಿದ ಅಜಿಲ ಅರಸ ತಿಮ್ಮರಾಜ ಅಲ್ಲಿ ತನ್ನ ಗುರುತು ಹೇಳಿಕೊಂಡದ್ದು ಹೀಗೆ: ಪಾಂಡ್ಯಕದೇವಿಯ ಮಗ, ಪಾಂಡ್ಯನ ತಮ್ಮ, ರಾಯಕುವರನ ಅಳಿಯ. ತಾಯಿ ಬಂದಳು, ಅಣ್ಣ ಬಂದ, ಮಾವ ಬಂದ. ಅಪ್ಪನ ಸುದ್ದಿಯೇ ಇಲ್ಲ. ಸೋದರಮಾವನಿಂದ ಅಳಿಯನಿಗೆ ಹಕ್ಕು ಇಳಿಯುವ ಅಳಿಯಸಂತಾನದ ಅರಸನಿಗೆ ಅದೊಂದು ಕೊರತೆಯೇ ಅಲ್ಲ.

ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ ಕಡೆ ಹಿರಿಯರನ್ನು ಹುಡುಕಲು ಹೊರಟವರು ಎಡವುವುದು ಇಲ್ಲಿಯೇ. ರಜೆಯಲ್ಲಿ ಮುಂಬೈಯಿಂದಲೋ ದುಬೈಯಿಂದಲೋ ಬಂದ ಬಂಟರ, ಬಿಲ್ಲವರ, ಜೈನರ ಮಕ್ಕಳು ಅಪ್ಪ, ಅಜ್ಜ, ಮುತ್ತಜ್ಜ ಎಂದು ಏಣಿ ಹತ್ತತೊಡಗುತ್ತಾರೆ. ಮೂರನೇ ಮೆಟ್ಟಿಲಿಗೆ ಏಣಿ ಮುಗಿದುಹೋಗುತ್ತದೆ. ಹಳೆ ಕಂದಾಯ ಪುಸ್ತಕವಾದ ಅಡಂಗಲ್‌ನಲ್ಲಿ ದೂಮಪ್ಪ ಶೆಟ್ಟಿಯ ನಂತರ ಮಂಜಪ್ಪ ಶೆಟ್ಟಿಯ ಹೆಸರಿದ್ದರೆ ಇವನು ಅವನ ಮಗನೆಂದು ಬರೆದುಕೊಳ್ಳಬೇಡಿ. ತಮ್ಮನಿರಬಹುದು, ಹೆಚ್ಚಾಗಿ ಸೋದರಳಿಯನೇ ಇರುತ್ತಾನೆ. ಪಟ್ಟೆ ಇರುತ್ತಿದ್ದದ್ದು ಕುಟುಂಬದ ಯಜಮಾನನ ಹೆಸರಿನಲ್ಲಿ, ಅಪರೂಪಕ್ಕೆ ಯಜಮಾನ್ತಿಯ ಹೆಸರಿನಲ್ಲಿ. ಆತನ ಸ್ವಂತ ಮಕ್ಕಳು ಹೆಂಡತಿಯ ತರವಾಡಿನವರು, ಎಂದರೆ ಆಕೆಯ ತಾಯಿಯ ಕಡೆಯ ಮೂಲ ಮನೆಯವರು. ಅವರನ್ನು ಕಾಣಬೇಕಾದರೆ ಇನ್ನೊಂದು ಗ್ರಾಮದ, ಇನ್ನೊಂದು ಮನೆಯ ಕಾಗದ ಬಿಚ್ಚಬೇಕು.

ಆದ್ದರಿಂದ ನನ್ನ ಮೊದಲ ಸಲಹೆ: ಗಂಡಸರನ್ನು ಬಿಡಿ, ಮೂಲದ ಅಜ್ಜಿಯನ್ನು ಹುಡುಕಿ. ತಾಯಿಯ 'ಬರಿ', ಎಂದರೆ ತಾಯಿಯಿಂದ ಮಕ್ಕಳಿಗೆ ಇಳಿಯುವ ಗೋತ್ರದಂಥ ಬಳಿ, ಯಾವುದೆಂದು ಮೊದಲು ಕೇಳಿಕೊಳ್ಳಿ. ಒಂದೇ ಬರಿಯವರಲ್ಲಿ ಮದುವೆ ಸಲ್ಲದು ಎಂಬ ಕಟ್ಟು ಇದ್ದುದರಿಂದ ಸಂಬಂಧ ನೋಡುವಾಗಲೆಲ್ಲ ಅದನ್ನು ವಿಚಾರಿಸಲೇಬೇಕಿತ್ತು. ಕಂದಾಯ ಇಲಾಖೆಯ ಪುಸ್ತಕಗಳಲ್ಲಿ ಬರಿಗೆ ಜಾಗವಿಲ್ಲ. ಅದು ದೊಡ್ಡಮ್ಮಂದಿರ ಬಾಯಲ್ಲಿ ಉಳಿದಿದೆ. ಆಟಿ ತಿಂಗಳಲ್ಲಿ ಕುಲೆಗಳಿಗೆ, ಎಂದರೆ ಸತ್ತ ಹಿರಿಯರಿಗೆ, ಬಡಿಸುವಾಗ ಯಾರ ಯಾರ ಹೆಸರು ಕರೆಯುತ್ತಾರೆಂದು ಪಕ್ಕದಲ್ಲಿ ಕುಳಿತು ಬರೆದುಕೊಳ್ಳಿ. ತರವಾಡು ಮನೆಯ ಜೀರ್ಣೋದ್ಧಾರ ಈಗ ಎಲ್ಲ ಕಡೆ ನಡೆಯುತ್ತಿದೆ. ಅದಕ್ಕಾಗಿ ಜ್ಯೋತಿಷಿಯ ಮುಂದೆ ಇಡುವ ಅಷ್ಟಮಂಗಲ ಪ್ರಶ್ನೆಯಲ್ಲಿ ಕುಟುಂಬದ ಮೂಲ ನಾಗನ ದಿಕ್ಕು ಕೇಳಿದವರು ಆ ದಿಕ್ಕಿನ ಮನೆಗಳಲ್ಲಿ ಹಳೆ ಕಾಗದ ಉಂಟೇ ಎಂದೂ ಒಮ್ಮೆ ಕೇಳಬಾರದೇ?

ಕಾಗದದಲ್ಲೇ ಅಜ್ಜಿಯರನ್ನು ಕಾಣಬೇಕೆಂದರೆ ಕುಟುಂಬ ಜಗಳವಾಡಿರಬೇಕು. ಇದು ತಮಾಷೆಯ ಮಾತಲ್ಲ. ಅಳಿಯಸಂತಾನ ಕುಟುಂಬದ ಆಸ್ತಿಯನ್ನು ಒಬ್ಬಿಬ್ಬರು ಕೇಳಿದರೆಂದು ಪಾಲು ಮಾಡುವಂತಿರಲಿಲ್ಲ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ 'ಕವರು'ಗಳಿಗೆ, ಎಂದರೆ ಒಬ್ಬ ಹೆಂಗಸಿನ ಹೆಣ್ಣು ಸಂತತಿಯ ಕವಲಿಗೆ, ಪಾಲು ಕೇಳುವ ಹಕ್ಕು ಕೊಟ್ಟಿತು. ಸಂತತಿ ಮುಂದುವರಿಯುವ ಕವರಿಗೆ ಪೂರ್ಣ ಹಕ್ಕು, ನಿಸ್ಸಂತತಿ ಕವರಿಗೆ ಜೀವಿತಾವಧಿಯ ಹಕ್ಕು ಮಾತ್ರ. ಹೀಗಾಗಿ ಯಾವ ಅಜ್ಜಿಗೆ ಎಷ್ಟು ಹೆಣ್ಣುಮಕ್ಕಳು, ಅವರಲ್ಲಿ ಯಾರ ಸಂತಾನ ಉಳಿದಿದೆ ಎಂಬುದನ್ನು ವಕೀಲರು ಕೂದಲು ಸೀಳಿದಂತೆ ಬರೆಸಿದರು. ತೊಟ್ಟಿಲ ಮಗುವೂ ಪ್ರತಿವಾದಿಯಾಯಿತು. ದಾವೆಗೆ ಲಗತ್ತಿಸಿದ ಆ ವಂಶಾವಳಿಯ ಮುಂದೆ ನಾಡಕಚೇರಿಯ ಇಂದಿನ ವಂಶವೃಕ್ಷ ಏನೇನೂ ಅಲ್ಲ. ಹೊಂದಿಕೊಂಡು ಬಾಳಿದ ಮನೆತನಗಳ ಬಗ್ಗೆ ನನಗೆ ಗೌರವವುಂಟು. ಅವರ ಚರಿತ್ರೆ ಬರೆಯುವುದು ಮಾತ್ರ ಕಷ್ಟ.

ಪಾಲುಪಟ್ಟಿ ನೋಂದಣಿಯಾಗಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯ ಸೂಚಿ ಪುಸ್ತಕಗಳು ನೆರವಿಗೆ ಬರುತ್ತವೆ. ಒಂದರಲ್ಲಿ ವ್ಯಕ್ತಿಯ ಹೆಸರಿನಿಂದ ಹುಡುಕಬಹುದು, ಇನ್ನೊಂದರಲ್ಲಿ ಜಾಗದಿಂದ. ಇಲ್ಲಿ ಹೆಸರನ್ನು ನಂಬಿದರೆ ಕೆಟ್ಟಿರಿ, ಅಜ್ಜನ ಹೆಸರೇ ಮೊಮ್ಮಗನಿಗೂ ಇರುತ್ತದೆ. ಸರ್ವೆ ನಂಬರು ಹಿಡಿದು ಹೋಗಿ.

ಈ ವಿಷಯದಲ್ಲಿ ಕ್ಯಾಥೋಲಿಕರು ಅದೃಷ್ಟವಂತರು. ಇಗರ್ಜಿಯ ಜ್ಞಾನಸ್ನಾನದ ದಾಖಲೆಯಲ್ಲಿ ತಂದೆ, ತಾಯಿ, ದೇವಮಾತಾಪಿತರು ಎಲ್ಲರೂ ಒಂದೇ ಸಾಲಿನಲ್ಲಿ ಸಿಗುತ್ತಾರೆ. ಆದರೆ 1784ರಲ್ಲಿ ಟಿಪ್ಪು ಇವರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಾಗ ಇಗರ್ಜಿಗಳೂ ನೆಲಸಮವಾದವು. 1799ರ ನಂತರ ಮರಳಿದವರಿಂದಲೇ ಹಲವರ ಕಥೆ ಶುರುವಾಗುತ್ತದೆ. ಗಣಿತ ಓದಿದ ಮೈಕೆಲ್ ಲೋಬೋ ಮಂಗಳೂರು ಕ್ಯಾಥೋಲಿಕ್ ಕುಟುಂಬಗಳ ವಂಶಾವಳಿ ಕೋಶವನ್ನೇ ಕಟ್ಟಲು ಕುಳಿತರು. ಬಂಟರಿಗೂ ಬಿಲ್ಲವರಿಗೂ ಅಂಥದೊಂದು ಆಗಬೇಕು, ಅದೂ ಬರಿಯ ಕ್ರಮದಲ್ಲಿ.

ಗುತ್ತು, ಬೀಡುಗಳಂಥ ದೊಡ್ಡ ಮನೆತನಗಳವರಿಗೆ ಇಷ್ಟೆಲ್ಲ ದಾರಿಗಳುಂಟು. ಚಾಲಗೇಣಿಗೆ, ಎಂದರೆ ಕಾಯಂ ಹಕ್ಕಿಲ್ಲದ ಗೇಣಿಗೆ, ದುಡಿದವರ ಮಕ್ಕಳೇನು ಮಾಡಬೇಕು? ಜಮೀನಿನ ಒಡೆಯನಾದ ವರ್ಗದಾರನ ಹೆಸರಿನ ಹಿಂದೆ ಅವರ ಹಿರಿಯರು ಕಾಣುವುದೇ ಇಲ್ಲ. ಕಾಣತೊಡಗುವುದು 1974ರಲ್ಲಿ, ಭೂಸುಧಾರಣೆಯ ತಿದ್ದುಪಡಿ ಬಂದು ಒಕ್ಕಲುಗಳು ನಮೂನೆ 7ರಲ್ಲಿ ಡಿಕ್ಲರೇಶನ್ ಕೊಟ್ಟಾಗ. ನನ್ನ ದೃಷ್ಟಿಯಲ್ಲಿ ಈ ಸೀಮೆಯ ಬಹುಮಂದಿಗೆ ಅದಕ್ಕಿಂತ ದೊಡ್ಡ ಕುಟುಂಬ ದಾಖಲೆ ಇನ್ನೊಂದಿಲ್ಲ. ಭೂ ನ್ಯಾಯಮಂಡಳಿಯ ಮುಂದೆ ಸಾಗುವಳಿ ಯಾವಾಗಿನಿಂದ, ಯಾರ ಕಾಲದಿಂದ, ಗೇಣಿ ಎಷ್ಟು ಮುಡಿ ಅಕ್ಕಿ ಎಂದೆಲ್ಲ ಹೇಳಬೇಕಾಗಿತ್ತು. ಹಳೆ ಪಹಣಿಯಲ್ಲಿ ಆದೇಶದ ಸಂಖ್ಯೆ ಸಿಕ್ಕರೆ ತಾಲೂಕು ಕಚೇರಿಯಲ್ಲಿ ನಕಲಿಗೆ ಅರ್ಜಿ ಹಾಕಿ. ಕಡತ ಕೈಗೆ ಬಂದಾಗ ಅರ್ಜಿದಾರನ ಹೇಳಿಕೆಗೇ ನಿಲ್ಲಬೇಡಿ, ಸಾಕ್ಷಿ ನುಡಿದ ನೆರೆಮನೆಯವರ ಹೆಸರನ್ನೂ ಗುರುತು ಹಾಕಿಕೊಳ್ಳಿ. ಅವರ ಮಕ್ಕಳು ಇಂದಿಗೂ ಪಕ್ಕದ ತೋಟದಲ್ಲೇ ಇರುವುದುಂಟು. ನಿಮ್ಮ ಮುತ್ತಜ್ಜಿ ಯಾವ ಊರಿನಿಂದ ಒಕ್ಕಲು ಬಂದವರೆಂದು ನಿಮಗಿಂತ ಚೆನ್ನಾಗಿ ಅವರಿಗೇ ಗೊತ್ತಿರುತ್ತದೆ.